ಕಿಟಕಿ ಕೊಂಡ ಕಥೆ

ನಮ್ಮ ಕಡೆ ಮನೆ ಕಟ್ಟಿಸುವವರು ಕಿಟಕಿಯ ವಿಷಯದಲ್ಲಿ ಯೋಚಿಸುವುದು ಎರಡೇ ಸಂಗತಿ. ಗಾಳಿ ಯಾವ ಕಡೆಯಿಂದ ಬರುತ್ತದೆ ಎಂಬುದು ಒಂದು. ಕಳ್ಳ ಯಾವ ಕಡೆಯಿಂದ ಬಂದಾನು ಎಂಬುದು ಇನ್ನೊಂದು. ಗಾಳಿಗಾಗಿ ಕದ ಇಡಿಸುತ್ತಾರೆ. ಕಳ್ಳನಿಗಾಗಿ ಸರಳು ಹಾಕಿಸುತ್ತಾರೆ. ಮಿಕ್ಕದ್ದನ್ನು ಆಚಾರಿಯ ಪಾಲಿಗೆ ಬಿಟ್ಟುಬಿಡುತ್ತಾರೆ. ತೀರ್ಥಹಳ್ಳಿಯ ಸಮೀಪದ ನಮ್ಮ ಅತ್ತೆಯ ಮನೆಯ ಕಿಟಕಿಗಳು ಹಾಗೆ ಆದವುಗಳೇ. ಹಲಸಿನ ಹಲಗೆಯ ಆ ಕದಗಳು ಆಷಾಢದ ಮಳೆಗೆ ಉಬ್ಬಿಕೊಂಡು ಮುಚ್ಚಲೊಲ್ಲವು. ಚೈತ್ರದ ಬಿಸಿಲಿಗೆ ಸೊರಗಿ ಚಿಲಕಕ್ಕೆ ನಿಲುಕವು. ಆದರೂ ಯಾರೂ ಅದನ್ನೊಂದು ದೋಷವೆಂದು ಎಣಿಸಿದುದಿಲ್ಲ. ಮಳೆಗಾಲ ಕಾಲಿಟ್ಟಿತೆಂಬುದನ್ನು ಪಂಚಾಂಗಕ್ಕಿಂತ ಮೊದಲು ಆ ಕಿಟಕಿಗಳೇ ಹೇಳುತ್ತಿದ್ದವು.

ಕೆನಡ ದೇಶದ ವಿನಿಪೆಗ್ ನಗರಕ್ಕೆ ಬಂದು ನೆಲಸಿದ ಮೇಲೆ, ಕಿಟಕಿಯೆಂಬುದು ಬೇರೆಯೇ ಒಂದು ವಸ್ತುವೆಂದು ನನಗೆ ತಿಳಿಯಿತು. ಈ ಊರು ಸರಿಸುಮಾರು ೫೦ನೆಯ ಉತ್ತರ ಅಕ್ಷಾಂಶದಲ್ಲಿದೆ. ಸುತ್ತ ಬಯಲೋ ಬಯಲು. ಉತ್ತರದಿಂದ ಹೊರಟ ಗಾಳಿಗೆ ಅಡ್ಡ ನಿಲ್ಲಲು ಒಂದು ಗುಡ್ಡವೂ ಇಲ್ಲ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗಿಳಿಯುವುದು ದಿನದ ಮಾತು. ೩೦ ಡಿಗ್ರಿ ಕೆಳಗಿಳಿದ ದಿನ ಜನ ಅದನ್ನು ಕುರಿತು ನಾಲ್ಕು ಮಾತನಾಡುತ್ತಾರೆ. ಅಪರೂಪಕ್ಕೆ ೪೦ ಮುಟ್ಟಿತೆಂದರೆ ಆ ದಿನ ಸೆಂಟಿಗ್ರೇಡ್ ಎಂದರೂ ಒಂದೇ, ಫ್ಯಾರನ್‌ಹೀಟ್ ಎಂದರೂ ಒಂದೇ. ಎರಡು ಮಾಪಕಗಳೂ ಆ ಅಂಕೆಯಲ್ಲಿ ಸಂಧಿಸುತ್ತವೆ. ಇಂಥ ಊರಿನ ಕಿಟಕಿ ಬೆಳಕನ್ನು ಒಳಗೆ ಬಿಡಬೇಕು, ಗಾಳಿಯನ್ನು ಹೊರಗೆ ನಿಲ್ಲಿಸಬೇಕು, ದುಡ್ಡು ತೆತ್ತು ಉರಿಸಿದ ಬಿಸಿಯನ್ನು ಮನೆಯಲ್ಲಿಯೇ ಹಿಡಿದಿಡಬೇಕು.

ನಾವು ಕೊಂಡ ಮನೆ ೧೯೬೨ರಲ್ಲಿ ಕಟ್ಟಿದುದು. ಒಂದೇ ಅಂತಸ್ತು, ಕೆಳಗೆ ನೆಲಮಾಳಿಗೆ, ಮುಂದುಗಡೆ ಒಂದು ಮುದಿ ಎಲ್ಮ್ ಮರ. ಒಟ್ಟು ಒಂಬತ್ತು ಕಿಟಕಿಗಳು. ಹಿಂದಿನ ಮಾಲೀಕರು ಯಾರೋ ಮೊದಲಿದ್ದ ಮರದ ಕಿಟಕಿಗಳನ್ನು ಕೀಳಿಸಿ, ಅವರ ಕಾಲಕ್ಕೆ ನವೀನವೆನ್ನಿಸಿದ ಅಲ್ಯೂಮಿನಿಯಂ ಚೌಕಟ್ಟಿನ ಜಾರುಗಾಜಿನ ಕಿಟಕಿಗಳನ್ನು ಹಾಕಿಸಿದ್ದರು. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯದು, ನೋಡಲು ಅಂದ. ಬೆಂಗಳೂರಿನ ಹವೆಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಶಾಖವನ್ನು ಸಾಗಿಸುವುದರಲ್ಲಿ ಅದು ಮರಕ್ಕಿಂತ ಸಾವಿರ ಪಾಲಿಗೂ ಮಿಕ್ಕಿದ ಚುರುಕು. ಕಾಫಿಯ ಲೋಟದಲ್ಲಿಟ್ಟ ಚಮಚದ ತುದಿ ಹೇಗೆ ಬೆರಳು ಸುಡುತ್ತದೆಯೋ ಹಾಗೆಯೇ, ಮನೆಯೊಳಗಿನ ಬಿಸಿಯೆಲ್ಲ ಆ ಚೌಕಟ್ಟಿನ ಮೂಲಕ ಹರಿದು ಬೀದಿಗೆ ಹೋಗುತ್ತಿತ್ತು. ಚೌಕಟ್ಟಿನ ಒಳಮೈ ಮಂಜುಗಡ್ಡೆಯಂತೆ ತಣ್ಣಗಿರುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಗಾಜಿನ ಬುಡದಲ್ಲಿ ಬೆರಳು ದಪ್ಪದ ಹಿಮ, ಅದೂ ಮನೆಯ ಒಳಗಡೆ! ಮಧ್ಯಾಹ್ನದ ಬಿಸಿಲಿಗೆ ಅದು ಕರಗಿ ಕಿಟಕಿಯ ತಳಹಲಗೆಯ ಮೇಲೆ ಹರಿಯುವುದು. ನಾನು ಹಳೆಯ ಟವಲುಗಳನ್ನು ಹಾಸಿ ಹಿಂಡಿ ಹಿಂಡಿ ಒಣಗಿಸುವುದು. ಮೂಲೆಗಳಲ್ಲಿ ಕಪ್ಪು ಬೂಷ್ಟು.

ಆ ನೀರು ಹೊರಗಿನಿಂದ ಬಂದುದಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಅದು ನಮ್ಮದೇ ನೀರು. ಕುಕ್ಕರಿನ ಆವಿ, ಸಾರು ಕುದಿದ ಆವಿ, ಬಚ್ಚಲಿನ ಬಿಸಿನೀರಿನ ಹಬೆ, ಒಳಗೆ ಹರವಿದ ಬಟ್ಟೆಯ ತೇವ, ನಮ್ಮೆಲ್ಲರ ಉಸಿರು, ಎಲ್ಲವೂ ಮನೆಯ ಗಾಳಿಯಲ್ಲಿ ಅಡಗಿದ್ದು ತಣ್ಣನೆಯ ಗಾಜು ಸಿಕ್ಕಿದೊಡನೆ ಅದರ ಮೇಲೆ ಕುಳಿತುಬಿಡುತ್ತವೆ. ಅನ್ನ ಸಾರು ಉಣ್ಣುವ ಮನೆಯ ಕಿಟಕಿ ಬ್ರೆಡ್ಡು ತಿನ್ನುವ ಮನೆಯ ಕಿಟಕಿಗಿಂತ ಹೆಚ್ಚು ಬೆವರುತ್ತದೆಂದು ನಾನು ಹೇಳಿದರೆ ಇವರು ನಗುತ್ತಿದ್ದರು. ನನ್ನ ಮಾತು ನಿಜ.

ನಾವಿಬ್ಬರೇ ಆಗಿದ್ದರೆ ಇನ್ನೂ ಹತ್ತು ವರ್ಷ ಟವಲು ಹಿಂಡಿಕೊಂಡೇ ಕಳೆದೇವು. ಆದರೆ ೨೦೨೨ರಲ್ಲಿ ಅತ್ತೆಯವರು ತೀರಿಕೊಂಡರು. ಊರಿನ ಮನೆಯಲ್ಲಿ ಒಬ್ಬರೇ ಉಳಿದ ಮಾವನವರನ್ನು, ಅವರು ಬೇಡ ಬೇಡವೆಂದರೂ, ಇಲ್ಲಿಗೆ ಕರೆದುಕೊಂಡು ಬಂದೆವು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದವರು. ನಿವೃತ್ತರಾದ ಮೇಲೆ ಬೆಳಗಿನಿಂದ ಬೈಗಿನವರೆಗೆ ಜಗಲಿಯಲ್ಲಿ ಕುಳಿತು ಹೋಗಿ ಬರುವವರನ್ನೆಲ್ಲ ಮಾತನಾಡಿಸಿ ಕಳುಹಿಸುತ್ತಿದ್ದವರು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಜಗಲಿಯೆಂದರೇನೆಂದು ವಿವರಿಸಬೇಕಾದುದಿಲ್ಲ. ಮಿಕ್ಕವರಿಗೆ ಇಷ್ಟು ಹೇಳಬಹುದು: ಅದು ಮನೆಯೂ ಹೌದು, ಬೀದಿಯೂ ಹೌದು.

ಈ ಊರಿನ ಮನೆಗಳಿಗೆ ಜಗಲಿಯಿಲ್ಲ. ಇದ್ದರೂ ಅರ್ಧ ವರ್ಷ ಅಲ್ಲಿ ಕುಳಿತುಕೊಳ್ಳುವಂತಿಲ್ಲ. ನವೆಂಬರಿನಿಂದ ರಸ್ತೆಬದಿಯ ಕಾಲುದಾರಿಯ ಮೇಲೆ ಹಿಮ ಗಟ್ಟಿಯಾಗಿ ಗಾಜಿನಂತೆ ಜಾರುತ್ತದೆ; ಎಪ್ಪತ್ತೆಂಟು ವರ್ಷದವರನ್ನು ಅದರ ಮೇಲೆ ನಡೆಯಲು ಬಿಡುವ ಧೈರ್ಯ ಯಾರಿಗಿದೆ? ಮಾವನವರು ನಡುಮನೆಯ ದಕ್ಷಿಣದ ದೊಡ್ಡ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡರು. ಡಿಸೆಂಬರಿನ ಕೊನೆಯಲ್ಲಿ ಇಲ್ಲಿ ಸೂರ್ಯೋದಯವಾಗುವುದೇ ಬೆಳಗ್ಗೆ ಎಂಟೂವರೆಯ ಹೊತ್ತಿಗೆ; ಸಂಜೆ ನಾಲ್ಕೂವರೆಗೆ ಅಸ್ತ. ಆ ಎಂಟು ಗಂಟೆಗಳ ಹಗಲನ್ನು ಅವರು ಒಂದು ಗಳಿಗೆಯೂ ಬಿಡದೆ ನೋಡಿದರು. ಟಪಾಲಿನವಳು ಬರುವ ಹೊತ್ತು, ಶಾಲೆಯ ಹಳದಿ ಬಸ್ಸು, ಎದುರು ಮನೆಯ ಮುದುಕಪ್ಪ ಹಿಮ ತೋಡುವ ಕ್ರಮ, ಎಲ್ಲವೂ ಅವರಿಗೆ ಬಾಯಿಪಾಠವಾಯಿತು. ಆದರೆ ಕಿಟಕಿಯ ಬಳಿ ಕುಳಿತುಕೊಳ್ಳುವುದೇ ಒಂದು ಶಿಕ್ಷೆ. ತಣ್ಣನೆಯ ಗಾಜನ್ನು ಮುಟ್ಟಿದ ಗಾಳಿ ಭಾರವಾಗಿ ಕೆಳಗಿಳಿದು ಪಾದಗಳ ಮೇಲೆ ಹರಿಯುತ್ತದೆ. ಕಿಟಕಿ ಎಷ್ಟೇ ಭದ್ರವಾಗಿ ಮುಚ್ಚಿದ್ದರೂ ಎಲ್ಲಿಂದಲೋ ಗಾಳಿ ಬೀಸಿದಂತೆಯೇ ತೋರುತ್ತದೆ. ಅವರು ಮಂಕಿ ಕ್ಯಾಪು, ಶಾಲು, ಎರಡು ಜೊತೆ ಕಾಲುಚೀಲ ಹಾಕಿಕೊಂಡು ಮನೆಯೊಳಗೆ ಕುಳಿತಿರುತ್ತಿದ್ದರು. ಜನವರಿಯಲ್ಲಿ ಹಿಡಿದ ಕೆಮ್ಮು ಫೆಬ್ರವರಿಯಾದರೂ ಬಿಡಲಿಲ್ಲ. ವೈದ್ಯರು ಔಷಧಿ ಬರೆದು, ಮನೆಯಲ್ಲಿ ಎಲ್ಲಿಯಾದರೂ ಬೂಷ್ಟು ಇದೆಯೇ ಎಂದು ಕೇಳಿದರು.

ಒಂದು ಸಂಜೆ ಮಾವನವರು ಊಟದ ತಟ್ಟೆಯ ಮುಂದೆ ಕುಳಿತು, ಯಾರ ಮುಖವನ್ನೂ ನೋಡದೆ, "ನನ್ನನ್ನು ಊರಿಗೆ ಕಳಿಸಿಬಿಡಿ. ಅಲ್ಲಿಯಾದರೆ ಹೊರಗೆ ಕೂತಾದರೂ ಕೆಮ್ಮಬಹುದು" ಎಂದರು.

ಇವರು ಉತ್ತರ ಕೊಡಲಿಲ್ಲ. ಊರಿನ ಮನೆಗೆ ಬೀಗ ಬಿದ್ದು ವರ್ಷವಾಗಿತ್ತು. ಅಲ್ಲಿ ಅನ್ನ ಬೇಯಿಸಿ ಹಾಕುವವರು ಯಾರೂ ಇಲ್ಲವೆಂಬುದು ಮೂವರಿಗೂ ತಿಳಿದಿತ್ತು. ಆ ರಾತ್ರಿ ನಾವಿಬ್ಬರೂ ಬ್ಯಾಂಕಿನ ಲೆಕ್ಕ ನೋಡಿದೆವು.

ಕಿಟಕಿ ಮಾರುವವರು ಈ ದೇಶದಲ್ಲಿ ಮನೆಗೇ ಬರುತ್ತಾರೆ. ಮೊದಲು ಬಂದಾತ ಎರಡೂವರೆ ಗಂಟೆ ಕುಳಿತ. ಕಾಫಿ ಕುಡಿದ, ಮೊದಲು ಒಂದು ಬೆಲೆ ಹೇಳಿದ, ಇಂದೇ ಸಹಿ ಹಾಕಿದರೆ ಅದರ ಮುಕ್ಕಾಲು ಎಂದ, ಮೇಲಧಿಕಾರಿಗೆ ಟೆಲಿಫೋನ್ ಮಾಡಿ, ನಿಮಗೋಸ್ಕರ ಇನ್ನೂ ಇಳಿಸಿದ್ದೇವೆಂದ. ಬಟ್ಟೆ ಅಂಗಡಿಯಲ್ಲಿ ಸೀರೆಯ ವ್ಯಾಪಾರ ಮಾಡಿ ಬೆಳೆದವಳು ನಾನು. ಒಂದೇ ಸಂಜೆಯಲ್ಲಿ ಇಷ್ಟು ಇಳಿಯುವ ಬೆಲೆ ಮೊದಲು ಎಲ್ಲಿ ನಿಂತಿತ್ತೆಂದು ಕೇಳಿದೆ. ಆತ ನಕ್ಕು ಎದ್ದುಹೋದ. ಹೊಸ ಕಿಟಕಿಯಿಂದ ಉಳಿಯುವ ಅನಿಲದ ಖರ್ಚಿನಿಂದಲೇ ಕಿಟಕಿಯ ಬೆಲೆ ನಾಲ್ಕಾರು ವರ್ಷದಲ್ಲಿ ಹುಟ್ಟಿಬಿಡುತ್ತದೆಂದು ಅವನು ಹೇಳಿದುದನ್ನು ಮಾತ್ರ ಯಾರೂ ನಂಬಬಾರದು. ಉಳಿತಾಯವೇ ಗುರಿಯಾದರೆ ಮೊದಲು ಅಟ್ಟದ ಮೇಲೆ ಶಾಖನಿರೋಧಕವನ್ನು ದಪ್ಪಗೆ ಹಾಸಿಸಿ, ಗೋಡೆಯ ಸಂದುಗಳನ್ನು ಮುಚ್ಚಿಸುವುದು ಜಾಣತನ. ಕಿಟಕಿಯನ್ನು ಬದಲಾಯಿಸುವುದು ಅದರ ಬಳಿ ಕುಳಿತುಕೊಳ್ಳುವವರ ಸುಖಕ್ಕಾಗಿ.

ಆಮೇಲೆ ನಾವೇ ಎರಡು ಮೂರು ಕಡೆ ವಿಚಾರಿಸಿದೆವು. ಚೌಕಟ್ಟಿಗೆ ಇಲ್ಲಿ ಮುಖ್ಯವಾಗಿ ದೊರೆಯುವುವು ಮರ, ವಿನೈಲ್ ಎಂಬ ಪ್ಲಾಸ್ಟಿಕ್, ಫೈಬರ್‌ಗ್ಲಾಸ್. ಮರ ಬೆಚ್ಚಗೆ, ಚೆಲುವು ಕೂಡ. ಆದರೆ ಒಳಗೆ ನೀರಿಳಿಯುವ ನಮ್ಮಂಥ ಮನೆಯಲ್ಲಿ ಬಣ್ಣ ಹೊಡೆಯುತ್ತಲೇ ಇರಬೇಕು. ಹೆಚ್ಚು ಜನ ಕೊಳ್ಳುವುದು ವಿನೈಲನ್ನು. ಬೆಲೆ ಕಡಿಮೆ, ಮೂಲೆಗಳನ್ನು ಕಾಯಿಸಿ ಬೆಸೆದಿರುತ್ತಾರಾದುದರಿಂದ ಅಲ್ಲಿ ನೀರು ಸೋರದು. ಒಳ್ಳೆಯ ಕಾರ್ಖಾನೆಯ ವಿನೈಲ್ ಕಿಟಕಿಯನ್ನು ಹಳಿಯುವಂತಿಲ್ಲ. ಫೈಬರ್‌ಗ್ಲಾಸ್ ಎಂಬ ಮಾತು ಕೇಳಿ ಮಾವನವರು ತಲೆಯೆತ್ತಿದರು.

"ಅದು ದೋಣಿ ಮಾಡೋದಲ್ಲವೇನಮ್ಮ? ನಮ್ಮಲ್ಲಿ ಬಚ್ಚಲ ಬಾಗಿಲಿಗೂ ಹಾಕ್ತಾರೆ."

ಅದೇ ಜಾತಿಯ ವಸ್ತು. ಕರಗಿಸಿದ ಗಾಜನ್ನು ಕೂದಲಿಗಿಂತ ಸಣ್ಣ ಎಳೆಗಳಾಗಿ ಎಳೆದು, ಆ ಎಳೆಗಳ ಕಟ್ಟನ್ನು ರಾಳದಲ್ಲಿ ಅದ್ದಿ, ಕಾಯಿಸಿದ ಅಚ್ಚಿನ ಮೂಲಕ ಎಳೆದು ತೆಗೆದರೆ ಅಚ್ಚಿನಿಂದಾಚೆ ಗಟ್ಟಿಯಾದ ಪಟ್ಟಿ ಬರುತ್ತದೆ. ವಿನೈಲ್ ಪಟ್ಟಿಯನ್ನು ಮಾಡುವುದು ನಾವು ಶ್ಯಾವಿಗೆ ಒತ್ತಿದ ಹಾಗೆ, ಹಿಂದಿನಿಂದ ಒತ್ತಿ. ಇದನ್ನು ಮಾಡುವುದು ಮುಂದಿನಿಂದ ಎಳೆದು. ಉದ್ದುದ್ದಕ್ಕೆ ಗಾಜಿನ ಎಳೆಗಳು ಇರುವುದರಿಂದ ಅದಕ್ಕೆ ಆ ಬಿಗಿ. ಗಾಜಿನ ಎಳೆಯನ್ನು ಹೇರಳವಾಗಿ ಮಾಡುವ ಬಗೆ ತಿಳಿದುದೂ ಆಕಸ್ಮಿಕವಾಗಿಯೇ: ೧೯೩೨ರಲ್ಲಿ ಅಮೆರಿಕದ ಓವೆನ್ಸ್-ಇಲಿನಾಯ್ ಗಾಜಿನ ಕಂಪೆನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣ ಗಾಜಿನ ಇಟ್ಟಿಗೆಗಳನ್ನು ಒಂದಕ್ಕೊಂದು ಬೆಸೆಯಲು ಹೆಣಗುತ್ತಿದ್ದಾಗ, ಕರಗಿದ ಗಾಜಿಗೆ ರಭಸದ ಗಾಳಿ ತಗುಲಿ ಅದು ನೂಲುನೂಲಾಗಿ ಹಾರಿತು.

ಅಂಗಡಿಯವರು ಕೊಟ್ಟ ಕಾಗದದಲ್ಲಿ ಯಾವ ವಸ್ತು ಒಂದು ಡಿಗ್ರಿಗೆ ಎಷ್ಟು ಹಿಗ್ಗುತ್ತದೆಂಬ ಕೋಷ್ಟಕವಿತ್ತು. ಅದು ಮಾವನವರ ಕೈಗೆ ಸಿಕ್ಕಿದ್ದೇ ತಡ, ತಿಂಗಳಿಂದ ಮಂಕಾಗಿದ್ದ ಮುಖಕ್ಕೆ ಕಳೆ ಬಂದಿತು. ಪೆನ್ಸಿಲ್ ತೆಗೆದುಕೊಂಡು ಕುಳಿತರು. ಒಂದೂವರೆ ಮೀಟರ್ ಎತ್ತರದ ಚೌಕಟ್ಟು. ಚಳಿಗಾಲದ ಕೆಳಗಿನ ೩೫ರಿಂದ ಬೇಸಿಗೆಯ ಮೇಲಿನ ೩೦ರವರೆಗೆ ೬೫ ಡಿಗ್ರಿಯ ವ್ಯತ್ಯಾಸ. ಅಷ್ಟು ಎತ್ತರದ ಗಾಜು ಒಂದು ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಹಿಗ್ಗುತ್ತದೆ. ಫೈಬರ್‌ಗ್ಲಾಸ್ ಕೂಡ ಹೆಚ್ಚು ಕಡಿಮೆ ಅಷ್ಟೇ. ಅಲ್ಯೂಮಿನಿಯಂ ಎರಡು ಮಿಲಿಮೀಟರಿಗೆ ಮಿಕ್ಕಿ. ವಿನೈಲ್ ಐದಾರು ಮಿಲಿಮೀಟರ್. ಲೆಕ್ಕವನ್ನು ಎರಡು ಸಲ ತಾಳೆ ನೋಡಿ ಕನ್ನಡಕ ತೆಗೆದಿಟ್ಟರು.

"ಗಾಜಿಗೂ ಇದಕ್ಕೂ ಜಾತಕ ಕೂಡುತ್ತೆ. ಒಂದು ಹಿಗ್ಗಿದರೆ ಇನ್ನೊಂದೂ ಅಷ್ಟೇ ಹಿಗ್ಗುತ್ತೆ. ಪ್ಲಾಸ್ಟಿಕ್ಕು ಹಾಗಲ್ಲ; ಗಾಜು ನಿಂತಲ್ಲೇ ನಿಂತಿರತ್ತೆ, ಇದು ಬೇಸಿಗೆಗೊಂದು ಕಡೆ ಚಳಿಗೊಂದು ಕಡೆ ಎಳೆದಾಡ್ತಿರತ್ತೆ. ನಡುವೆ ಇರೋ ಅಂಟು ಎಷ್ಟು ದಿನ ತಾಳೀತು?"

ಇದಕ್ಕಿಂತ ಚೆನ್ನಾಗಿ ಆ ವಿಷಯವನ್ನು ನನಗೆ ಯಾವ ಮಾರಾಟಗಾರನೂ ತಿಳಿಸಿರಲಿಲ್ಲ. ಆದರೆ ಫೈಬರ್‌ಗ್ಲಾಸಿಗೂ ಕುಂದು ಇಲ್ಲದಿಲ್ಲ. ಅದನ್ನು ಪ್ಲಾಸ್ಟಿಕ್ಕಿನಂತೆ ಕಾಯಿಸಿ ಬೆಸೆಯಲಾಗದು. ಮೂಲೆಗಳನ್ನು ತಿರುಪಿನಿಂದ ಬಿಗಿದು ಅಂಟು ತುಂಬುತ್ತಾರೆ. ಆದುದರಿಂದ ಕೊಳ್ಳುವವರು ಮೊದಲು ಬೆರಳಿಟ್ಟು ನೋಡಬೇಕಾದುದು ಮೂಲೆಯನ್ನು. ಬೆಲೆಯೂ ಹೆಚ್ಚು. ನಮ್ಮಲ್ಲಿದ್ದ ಹಣಕ್ಕೆ ಸಾಧಾರಣ ವಿನೈಲ್ ಕಿಟಕಿಗಳಾದರೆ ಒಂಬತ್ತೂ ಆಗುತ್ತಿದ್ದವು, ಫೈಬರ್‌ಗ್ಲಾಸಿನವಾದರೆ ಐದು. ಇವರು ಒಂಬತ್ತರ ಪಕ್ಷ, ನಾನು ಐದರ ಪಕ್ಷ. ನೆಲಮಾಳಿಗೆಯ ಮೂರು ಸಣ್ಣ ಕಿಟಕಿಗಳ ಬಳಿ ಕುಳಿತುಕೊಳ್ಳುವವರು ಯಾರೂ ಇಲ್ಲ. ಬಚ್ಚಲಿನದು ಒಂದು ಕಿಂಡಿ. ಉಳಿದುವು ನಡುಮನೆ, ಅಡಿಗೆಮನೆ, ಮೂರು ಮಲಗುವ ಕೋಣೆಗಳವು. ಮೂವತ್ತು ವರ್ಷ ಇರಬೇಕಾದುದನ್ನು ಐದು ಕಡೆ ಹಾಕಿಸೋಣವೆಂದು ತೀರ್ಮಾನವಾಯಿತು.

ಚೌಕಟ್ಟಿನ ಮಾತನ್ನು ಇಷ್ಟು ಆಡಿದೆನಾದರೂ ಕಿಟಕಿಯ ಬಹುಭಾಗ ಗಾಜೇ ಅಲ್ಲವೆ? ನಾವು ಆರಿಸಿದುದು ಮೂರು ಪದರದ ಗಾಜು. ಪದರಗಳ ನಡುವೆ ಆರ್ಗಾನ್ ಅನಿಲ ತುಂಬಿರುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ ಸುಮಾರು ಒಂದು ಪಾಲು ಇರುವ ಅನಿಲವದು. ಗಾಳಿಗಿಂತ ಭಾರ, ಶಾಖವನ್ನು ಸಾಗಿಸುವುದರಲ್ಲಿ ಗಾಳಿಗಿಂತ ಸೋಮಾರಿ. ಗಾಜಿನ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಕೊಟ್ಟಿರುತ್ತಾರೆ. ಅದು ಬೆಳಕನ್ನು ಬಿಟ್ಟು ಮನೆಯ ಬಿಸಿಯನ್ನು ಒಳಕ್ಕೇ ತಿರುಗಿಸುತ್ತದೆ. ಈ ಲೇಪದಲ್ಲಿಯೂ ಬಗೆಗಳಿವೆಯೆಂಬುದನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ಬಿಸಿಲಿನ ಶಾಖವನ್ನು ತಡೆಯುವ ಲೇಪ ಸೆಕೆಯ ಊರುಗಳಿಗೆ ಸರಿ. ಇಲ್ಲಿ ಡಿಸೆಂಬರಿನ ಕೊನೆಯಲ್ಲಿ ನಡುಹಗಲಿನಲ್ಲಿಯೂ ಸೂರ್ಯ ದಿಗಂತದಿಂದ ೧೭ ಡಿಗ್ರಿಗಿಂತ ಮೇಲೇರದೆ, ದಕ್ಷಿಣದ ಕಿಟಕಿಯಿಂದ ಕೋಣೆಯ ಹಿಂಗೋಡೆಯವರೆಗೆ ಬಿಸಿಲು ಚಾಚುತ್ತಾನೆ. ಆ ಪುಕ್ಕಟೆ ಬಿಸಿಯನ್ನು ಗಾಜಿನಲ್ಲಿಯೇ ತಡೆದು ಕಳಿಸುವುದು ಯಾವ ನ್ಯಾಯ? ದಕ್ಷಿಣದ ಕಿಟಕಿಗೆ ಬಿಸಿಲನ್ನು ಹೆಚ್ಚು ಬಿಡುವ ಗಾಜು, ಉತ್ತರದವಕ್ಕೆ ಬಿಸಿಯನ್ನು ಹೆಚ್ಚು ಹಿಡಿಯುವ ಗಾಜು ಎಂದು ಬೇರೆ ಬೇರೆಯಾಗಿ ಬರೆಯಿಸಿದೆವು.

ಎಲ್ಲ ಗೊತ್ತಾದ ಮೇಲೆ, ನಡುಮನೆಯ ದೊಡ್ಡ ಕಿಟಕಿಯ ವಿಷಯದಲ್ಲಿ ಮಾತು ನಿಂತಿತು. ಅಂಗಡಿಯವನು, ಅದನ್ನು ತೆರೆಯದ ಒಂದೇ ಗಾಜಿನ ಕಿಟಕಿಯಾಗಿ ಮಾಡಿಸಿರೆಂದ. ತೆರೆಯುವ ಭಾಗವಿಲ್ಲದ ಕಿಟಕಿ ಅಗ್ಗ. ಗಾಳಿ ಸೋರುವ ಸಂದೂ ಇಲ್ಲ. ನೋಟಕ್ಕೆ ಅಡ್ಡ ಬರುವ ಪಟ್ಟಿಯೂ ಇಲ್ಲ. ಅವನು ಹೇಳಿದುದು ಎಲ್ಲ ರೀತಿಯಿಂದಲೂ ಸರಿಯಾಗಿತ್ತು. ಇವರು ತಲೆದೂಗಿದರು.

ಮಾವನವರು ಅಷ್ಟರವರೆಗೆ ಹಣದ ಮಾತಿನಲ್ಲಿ ಬಾಯಿ ಹಾಕಿದವರಲ್ಲ. ಅಂದು ಮೆಲ್ಲನೆ, "ತೆರೆಯೋದಿಲ್ಲ ಅಂದರೆ ಅದನ್ನ ಕಿಟಕಿ ಅಂತ ಯಾಕನ್ನಬೇಕು? ಗೋಡೇನೇ ಅಲ್ಲವೇ, ಕಾಣೋ ಗೋಡೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಊರಿಗೆ ಬಂದಾಗಿನಿಂದ ಎಲ್ಲಾ ಕಾಣುತ್ತೆ, ಏನೂ ಕೇಳಿಸೋದಿಲ್ಲ. ಆ ಮಕ್ಕಳು ಬಸ್ಸಿನಿಂದ ಇಳಿದು ಏನೋ ಕೂಗ್ತಾರೆ, ಬಾಯಿ ಮಾತ್ರ ಆಡುತ್ತೆ" ಎಂದರು.

ನಾನು ಅವರನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಕಿಟಕಿ ಕೊಳ್ಳುವವರು ಇದೊಂದನ್ನು ತಪ್ಪದೆ ಮಾಡಬೇಕೆಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ: ಅದನ್ನು ದಿನವೂ ತೆರೆದು ಮುಚ್ಚುವವರ ಕೈಯಿಂದಲೇ ಒಮ್ಮೆ ತೆರೆಸಿ ನೋಡಬೇಕು. ಅಲ್ಲಿ ಮೂರು ಬಗೆಯವನ್ನು ನಿಲ್ಲಿಸಿದ್ದರು. ಮೇಲಕ್ಕೆ ಎತ್ತುವ ಕಿಟಕಿಯನ್ನು ಮಾವನವರು ಎರಡೂ ಕೈಯಿಂದ ಎತ್ತಲು ನೋಡಿದರು. ಮೂರು ಪದರದ ಗಾಜಿನ ತೂಕಕ್ಕೆ ಅವರ ಭುಜ ನಡುಗಿತು. ಪಕ್ಕಕ್ಕೆ ಜಾರುವುದು ಸುಲಭವಾಗಿ ಜಾರಿತು. ಆದರೆ ಅದರ ಓಣಿಯಲ್ಲಿ ನೀರು ನಿಂತು ಹಿಮವಾಗುವುದನ್ನು ನಾವು ವರ್ಷಗಟ್ಟಲೆ ಕಂಡವರು. ಮೂರನೆಯದು ನಮ್ಮ ಕಡೆಯ ಕದದಂತೆ ಒಂದು ಬದಿಯ ತಿರುಗಣಿಯ ಮೇಲೆ ಹೊರಕ್ಕೆ ತೆರೆಯುವಂಥದು. ಕೆಳಗಿನ ಸಣ್ಣ ಹಿಡಿಯನ್ನು ತಿರುಗಿಸಬೇಕು. ಮಾವನವರು ಬೆರಳುಗಳ ತುದಿಯಿಂದ ತಿರುಗಿಸಿದರು. ಕದ ತಾನಾಗಿ ತೆರೆದುಕೊಂಡಿತು. ಇನ್ನೊಂದು ಬಾರಿ ಮುಚ್ಚಿದರು, ಮತ್ತೆ ತೆರೆದರು. ಮುಚ್ಚಿದಾಗ ಸುತ್ತಲಿನ ರಬ್ಬರಿನ ಅಂಚಿಗೆ ಕದ ಒತ್ತಿಕೊಳ್ಳುವುದರಿಂದ ಜಾರುವ ಕಿಟಕಿಗಿಂತ ಇದರಲ್ಲಿ ಗಾಳಿ ಸೋರುವುದು ಕಡಿಮೆ. ಹೊರಗಿನ ಗಾಳಿ ಬೀಸಿದಷ್ಟೂ ಕದ ಬಿಗಿಯಾಗುತ್ತದೆ.

"ಇದಕ್ಕೆ ಸರಳೇ ಇಲ್ಲವಲ್ಲಮ್ಮ!" ಎಂದು ಮಾತ್ರ ಅವರು ಗಾಬರಿಯಾದರು. ಅಂಗಡಿಯವನು ವಿವರಿಸಿದ. ಮಲಗುವ ಕೋಣೆಯ ಕಿಟಕಿ, ಬೆಂಕಿ ಬಿದ್ದಾಗ ಮನುಷ್ಯ ನುಸುಳಿ ಪಾರಾಗಲು ಬರುವಂತಿರಬೇಕೆಂದು ಕೆನಡದ ಕಟ್ಟಡ ಸಂಹಿತೆ ವಿಧಿಸುತ್ತದೆ: ತೆರೆದ ಜಾಗ ೦.೩೫ ಚದರ ಮೀಟರಿಗೆ ಕಡಿಮೆಯಿರಬಾರದು, ಯಾವ ಬದಿಯೂ ೩೮೦ ಮಿಲಿಮೀಟರಿಗಿಂತ ಕಿರಿದಾಗಬಾರದು, ಬೀಗದಕೈ ಮೊದಲಾದುವಿಲ್ಲದೆ ಒಳಗಿನಿಂದ ತೆರೆಯುವಂತಿರಬೇಕು. ಮಾವನವರು ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಿದ್ದರು. ನಾವು ಒಳಗೆ ಬರುವವನಿಗೆ ಹೆದರುತ್ತೇವೆ, ಇವರು ಹೊರಗೆ ಹೋಗಲಾರದವನಿಗೆ ಹೆದರುತ್ತಾರೆ ಎಂದರು.

ನಡುಮನೆಗೆ ಮಧ್ಯದಲ್ಲಿ ತೆರೆಯದ ದೊಡ್ಡ ಗಾಜು, ಎರಡು ಬದಿಗೂ ತೆರೆಯುವ ಕದಗಳು ಎಂದು ಗೊತ್ತಾಯಿತು. ಬೆಲೆ ಏರಿತು. ಏರಿದ ಬೆಲೆಗೆ ಐದು ಕಿಟಕಿಯ ಹಣ ನಾಲ್ಕಕ್ಕೆ ಮುಗಿಯಿತು. ಯಾವುದನ್ನು ಬಿಡಬೇಕೆಂಬುದರಲ್ಲಿ ಚರ್ಚೆಯೇನೂ ನಡೆಯಲಿಲ್ಲ. ಮಾವನವರ ಕೋಣೆ, ಮಗಳ ಕೋಣೆ, ಅಡಿಗೆಮನೆ ಇವುಗಳನ್ನು ಬಿಡುವಂತಿರಲಿಲ್ಲ. ಇವರು ಪಟ್ಟಿಯಲ್ಲಿ ನಮ್ಮ ಕೋಣೆಯ ಹೆಸರಿನ ಮೇಲೆ ಒಂದು ಗೀಟು ಎಳೆದು, "ನಮಗಿಬ್ಬರಿಗೂ ಒಂದೇ ರಜಾಯಿ ಸಾಕು" ಎಂದರು. ಮದುವೆಯಾಗಿ ಹತ್ತೊಂಬತ್ತು ವರ್ಷದ ಮೇಲೆ ಇಷ್ಟು ಸರಸದ ಮಾತು ಕಿಟಕಿಯ ದೆಸೆಯಿಂದ ಬಂದಿತಲ್ಲ ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಕೂಡಿಸುವವರು ಬಂದರು. ಹಳೆಯ ಚೌಕಟ್ಟನ್ನು ಹಾಗೆಯೇ ಇರಿಸಿ ಅದರೊಳಗೆ ಹೊಸದನ್ನು ತೂರಿಸುವುದು ಒಂದು ಕ್ರಮ. ಹಳೆಯದನ್ನು ಗೋಡೆಯ ಮರದವರೆಗೂ ಕಿತ್ತು ಹೊಸದಾಗಿ ಕೂಡಿಸುವುದು ಇನ್ನೊಂದು. ಎರಡನೆಯದಕ್ಕೆ ಖರ್ಚು ಹೆಚ್ಚು, ಧೂಳು ಹೆಚ್ಚು. ನಾವು ಎರಡನೆಯದನ್ನೇ ಹೇಳಿದ್ದೆವು. ನಡುಮನೆಯ ಹಳೆಯ ಚೌಕಟ್ಟನ್ನು ಕಿತ್ತಾಗ ಅದರ ಕೆಳಗಿನ ತೊಲೆ ನೆನೆದ ಬ್ರೆಡ್ಡಿನಂತೆ ಬೆರಳಿಗೆ ಕಿತ್ತು ಬಂದಿತು. ಎಷ್ಟು ಚಳಿಗಾಲದ ನೀರು ಕುಡಿದಿತ್ತೋ! ಮೇಲಿನಿಂದ ಹೊಸ ಕಿಟಕಿಯನ್ನು ತೂರಿಸಿದ್ದರೆ ಆ ಕೊಳೆತ ಮರ ಅದರ ಅಡಿಯಲ್ಲಿಯೇ ಉಳಿಯುತ್ತಿತ್ತು.

ಕೆಲಸದ ಮುಖ್ಯಸ್ಥ ಅರುವತ್ತರ ಮೇಲಿನವನು, ಮಾತು ಕಡಿಮೆ. ಕೊಳೆತ ತುಂಡನ್ನು ಕತ್ತರಿಸಿ ಹೊಸ ಮರ ಕೂಡಿಸಿದ. ಅದರ ಮೇಲ್ಮೈ ಸ್ವಲ್ಪ ಹೊರಕ್ಕೆ ಇಳಿಜಾರಾಗಿರುವಂತೆ ನೋಡಿಕೊಂಡ, ನೀರು ಒಳಗಿಳಿದರೂ ಹೊರಕ್ಕೇ ಹರಿಯಲೆಂದು. ಅದರ ಮೇಲೆ ನೀರು ಹಿಡಿಯದ ಪಟ್ಟಿಯನ್ನು ಅಂಟಿಸಿ ಬದಿಗಳಿಗೂ ಮಡಚಿದ. ಚೌಕಟ್ಟನ್ನು ನಿಲ್ಲಿಸಿ ಕೆಳಗೂ ಬದಿಗೂ ಚಿಕ್ಕ ಚಿಕ್ಕ ಚಕ್ಕೆಗಳನ್ನು ಸಿಕ್ಕಿಸಿ ಮಟ್ಟ ನೋಡಿದ. ಆಮೇಲೆ ಅಳತೆಯ ಟೇಪನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದ. ಇನ್ನೊಂದು ಮೂಲೆಯಿಂದ ಅದರ ಎದುರಿಗೆ ಹಿಡಿದ. ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಮಾವನವರು ಎದ್ದುನಿಂತರು.

"ಕರ್ಣಗಳು ಸಮ ಇವೆಯೇನು ಕೇಳಮ್ಮ" ಎಂದವರು, ನಾನು ಬಾಯಿ ತೆರೆಯುವ ಮೊದಲೇ ತಾವೇ ಇಂಗ್ಲಿಷಿನಲ್ಲಿ ಕೇಳಿಬಿಟ್ಟರು. ಆತ ತಿರುಗಿ ನೋಡಿದ. ಎರಡು ಮಿಲಿಮೀಟರಿನ ವ್ಯತ್ಯಾಸವಿದೆಯೆಂದ. ಒಂದು ಚಕ್ಕೆಯನ್ನು ಸ್ವಲ್ಪ ಹೊರಕ್ಕೆಳೆದು ಮತ್ತೆ ಅಳೆದು, ಟೇಪನ್ನು ಮಾವನವರ ಮುಂದೆ ಹಿಡಿದು ತೋರಿಸಿದ. ಅಲ್ಲಿಂದ ಮುಂದೆ ನಾಲ್ಕು ಕಿಟಕಿಗೂ ಒಂದು ತುದಿಯನ್ನು ಆತ ಹಿಡಿದರೆ ಇನ್ನೊಂದು ತುದಿಯನ್ನು ಮಾವನವರೇ ಹಿಡಿದರು. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ನೊರೆ ತುಂಬುವಾಗ ಆತ ಡಬ್ಬಿಯ ಮೇಲಿನ ಅಕ್ಷರಗಳನ್ನು ಅವರಿಗೆ ಓದಿ ಹೇಳಿದ: ಮಿತವಾಗಿ ಉಬ್ಬುವ ನೊರೆಯನ್ನೇ ಹಾಕಬೇಕು, ಹೆಚ್ಚು ಉಬ್ಬುವುದನ್ನು ತುಂಬಿದರೆ ಅದು ಚೌಕಟ್ಟನ್ನು ಒಳಕ್ಕೆ ಒತ್ತಿ ಬಾಗಿಸುತ್ತದೆ, ಕದ ಸಿಕ್ಕಿಕೊಳ್ಳುತ್ತದೆ. ಒಳ್ಳೆಯ ಕಿಟಕಿಯನ್ನು ಕೆಟ್ಟದಾಗಿ ಕೂಡಿಸಿ ಹಾಳುಮಾಡಿದ ಮನೆಗಳು ಬಹಳವೆಂದೂ ಆತ ಹೇಳಿದ. ಎರಡನೆಯ ದಿನ ಹೊರಡುವಾಗ ಆತ ಮಾವನವರ ಕೈ ಕುಲುಕಿ ಹೋದ. "ನಮ್ಮ ಆಚಾರಿ ಕೂಡ ಹೀಗೇ, ಕಡ್ಡಿ ಹ್ಯಾಗೆ ಹಿಡೀಬೇಕು ಅಂತ ನನ್ನನ್ನ ಗದರಿಸ್ತಿದ್ದ" ಎಂದು ಅವರು ರಾತ್ರಿಯೆಲ್ಲ ಊರಿನ ಮನೆ ಕಟ್ಟಿಸಿದ ಕಥೆಯನ್ನು ಮೊಮ್ಮಗಳಿಗೆ ಹೇಳಿದರು.

ಚಳಿಗಾಲ ಬಂದಿತು. ಗಾಜಿನ ಬುಡದಲ್ಲಿ ಹಿಮ ಕಟ್ಟಲಿಲ್ಲ. ಟವಲುಗಳು ಬೀರುವಿಗೆ ಸೇರಿದವು. ಹಾಗೆಂದು ಆವಿಯೆಲ್ಲ ಮಾಯವಾಯಿತೆಂದು ತಿಳಿಯಬಾರದು. ಕಿಟಕಿ ಬಿಗಿಯಾದಷ್ಟೂ ಮನೆಯ ತೇವ ಮನೆಯಲ್ಲಿಯೇ ಉಳಿಯುತ್ತದೆ. ಈಗ ಕುಕ್ಕರ್ ಇಟ್ಟೊಡನೆ ಒಲೆಯ ಮೇಲಿನ ಬೀಸಣಿಗೆಯನ್ನೂ, ಸ್ನಾನದ ಹೊತ್ತಿನಲ್ಲಿ ಬಚ್ಚಲಿನದನ್ನೂ ಹಾಕುತ್ತೇನೆ; ಬಟ್ಟೆಯನ್ನು ಒಳಗೆ ಹರವುವುದನ್ನು ನಿಲ್ಲಿಸಿದೆ. ಅನಿಲದ ಬಿಲ್ಲು ಸ್ವಲ್ಪ ಇಳಿದಿದೆ. ಮಾವನವರ ಮಂಕಿ ಕ್ಯಾಪು ಗೂಟದಲ್ಲಿಯೇ ತೂಗುತ್ತಿದೆ. ಊರಿಗೆ ಕಳಿಸಿರೆಂಬ ಮಾತನ್ನು ಅವರು ಮತ್ತೆ ಆಡಿಲ್ಲ. ಊರಿನ ನೆನಪು ಹೋಯಿತೆಂದು ಇದರ ಅರ್ಥವಲ್ಲವೆಂಬುದನ್ನು ನಾನು ಬಲ್ಲೆ.

ಮಧ್ಯಾಹ್ನ ಮೂರೂವರೆಗೆ ಹಳದಿ ಬಸ್ಸು ಬರುತ್ತದೆ. ಅದು ತಿರುವಿನಲ್ಲಿ ಕಾಣಿಸಿದೊಡನೆ ಮಾವನವರು ಎಡಗಡೆಯ ಹಿಡಿಯನ್ನು ನಾಲ್ಕು ಸುತ್ತು ತಿರುಗಿಸುತ್ತಾರೆ. ಅಂಗೈ ಅಗಲದ ಸಂದಿಯಿಂದ ಬಿಳಿಯ ಹೊಗೆಯಂತೆ ಚಳಿ ನುಗ್ಗುತ್ತದೆ. ಅದರ ಜೊತೆಗೆ ಮಕ್ಕಳ ಕೂಗೂ ನುಗ್ಗುತ್ತದೆ. ಎರಡು ನಿಮಿಷ, ಹೆಚ್ಚೆಂದರೆ ಮೂರು. ಎದುರು ಮನೆಯ ಮುದುಕಪ್ಪ ಹಿಮ ತೋಡುತ್ತಿದ್ದರೆ ಅವನು ಸಲಿಕೆಯನ್ನು ಎತ್ತಿ ಏನೋ ಕೇಳುತ್ತಾನೆ, ಇವರು ಏನೋ ಹೇಳುತ್ತಾರೆ. ಆಮೇಲೆ ಮುಚ್ಚುತ್ತಾರೆ. ಕಾಯಿಸಿದ ಗಾಳಿ ಅಷ್ಟೂ ಹೊರಗೆ ಹೋಗುತ್ತದೆಂದು ಇವರು ಮೊದಮೊದಲು ಗೊಣಗುತ್ತಿದ್ದರು. ಈಗ ರಜೆಯ ದಿನ ತಾವೂ ಹೋಗಿ ಪಕ್ಕದಲ್ಲಿ ನಿಲ್ಲುತ್ತಾರೆ.

ನಮ್ಮ ಕೋಣೆಯ ಹಳೆಯ ಕಿಟಕಿಗೆ ಈ ಊರಿನವರೆಲ್ಲ ಮಾಡುವ ಉಪಾಯವನ್ನೇ ಮಾಡಿದ್ದೇವೆ. ಅಂಗಡಿಯಲ್ಲಿ ತೆಳುವಾದ ಪಾರದರ್ಶಕ ಹಾಳೆ ಸಿಗುತ್ತದೆ; ಅದನ್ನು ಚೌಕಟ್ಟಿನ ಸುತ್ತ ಅಂಟುಪಟ್ಟಿಯಿಂದ ಅಂಟಿಸಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದರೆ ಹಾಳೆ ಸೆಟೆದು ಗಾಜಿನಂತಾಗುತ್ತದೆ. ಅದರ ಹಿಂದೆ ನಿಂತ ಗಾಳಿ ಒಂದಿಷ್ಟು ಚಳಿ ತಡೆಯುತ್ತದೆ. ಗಾಳಿ ಬೀಸಿದ ರಾತ್ರಿ ಆ ಹಾಳೆ ಉಸಿರಾಡಿದಂತೆ ಉಬ್ಬಿ ಇಳಿಯುತ್ತದೆ.

ಮಾರ್ಚಿಯಲ್ಲೊಂದು ದಿನ ಮಾವನವರು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಒಂದು ಕಿಟಕಿಗೆ ಎಷ್ಟಾಗುತ್ತದೆಂದು ಕೇಳಿದರು. ಹೇಳಿದೆ. ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿ ಒಂದು ಗಳಿಗೆ ಮಾತನಾಡಲಿಲ್ಲ. ಮರುದಿನ ಪೆನ್ಷನ್ನಿನ ಪಾಸ್‌ಬುಕ್ಕು ತಂದು ಇವರ ಮುಂದಿಟ್ಟರು. ಇವರು ಬೇಡವೆಂದರು, ನಾನೂ ಬೇಡವೆಂದೆ. "ಅದೇನು ಬೇಡ? ಈ ಮನೇಲಿ ಎಲ್ಲಾ ಕಿಟಕಿಗೂ ನಾನೇ ಕರ್ಣ ಹಿಡಿದಿದೀನಿ, ಇದೊಂದು ಬಾಕಿ ಇದೆ" ಎಂದರು. ಮೇಷ್ಟರ ಮಾತಿಗೆ ಎದುರು ಹೇಳಿ ಅಭ್ಯಾಸವಿಲ್ಲದ ಮಗ ಸುಮ್ಮನಾದರು.

ಕಳೆದ ವಾರ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಏಳೆಂಟು ವಾರವಾಗುವುದಂತೆ. ಕದ ಯಾವ ಕಡೆಗೆ ತೆರೆಯಬೇಕೆಂದು ಅಂಗಡಿಯವನು ಕೇಳಿದಾಗ, ಎಲ್ಮ್ ಮರದ ಕಡೆಗೆ ಎಂದು ಮಾವನವರೇ ಬರೆಯಿಸಿದರು.